ವದಂತಿಯ ಪಾಠವಿಮರ್ಶೆ: ರೋಹಿಂಗ್ಯಾ ನಿರಾಶ್ರಿತರನ್ನು ಕುರಿತ ಕೆಲವು ಸಂದೇಶಗಳು

ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ ಗ್ರಂಥಸಂಪಾದನಶಾಸ್ತ್ರಕ್ಕೆ ಒಂದು ಗೌರವದ ಸ್ಥಾನವಿದೆ. ಓಲೆಯ ಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ಗುರುತಿಸಿ, ಲಿಪಿಕಾರನ ಸ್ಖಾಲಿತ್ಯವಾವುದು, ಪ್ರಕ್ಷೇಪವಾವುದು, ಕವಿಯ ಮಾತಾವುದು ಎಂದು ಬೇರ್ಪಡಿಸುವ ಕ್ರಮವನ್ನು ನಾವೆಲ್ಲರೂ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯಿಂದ ಕಲಿತವರು. ಆದರೆ ಈ ಕ್ರಮವು ಹಳಗನ್ನಡ ಕಾವ್ಯಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ನಾವು ತಿಳಿದುಕೊಂಡಂತೆ ತೋರುತ್ತದೆ. ಪ್ರತಿಯಿಂದ ಪ್ರತಿಗೆ ಸಾಗುವ, ಕರ್ತೃವಿನ ಹೆಸರಿಲ್ಲದ, ಪ್ರತಿ ಕೈಯಲ್ಲಿಯೂ ಸ್ವಲ್ಪ ಮಾರ್ಪಡುವ ಬರಹವು ಇಂದು ಓಲೆಯಲ್ಲಿಲ್ಲ, ಎಲ್ಲರ ಅಂಗೈಯಲ್ಲಿದೆ. ಅದನ್ನು ಓದುವವರ ಸಂಖ್ಯೆ ಪಂಪರನ್ನರನ್ನು ಓದುವವರಿಗಿಂತ ಎಷ್ಟೋ ಪಾಲು ಹೆಚ್ಚು. ಅದರಿಂದ ಮನುಷ್ಯರು ಸತ್ತಿರುವುದೂ ಉಂಟು. ಹೀಗಿರುವಲ್ಲಿ ಪಾಠವಿಮರ್ಶೆಯ ಉಪಕರಣಗಳನ್ನು ಅದರ ಮೇಲೂ ಒಮ್ಮೆ ಪ್ರಯೋಗಿಸಿ ನೋಡುವುದು ಅನುಚಿತವಾಗಲಾರದೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆದಿದೆ.

ಲೇಖನಕ್ಕೆ ಪ್ರೇರಣೆಯಾದುದು ಒಂದು ಸಣ್ಣ ಸಂಗತಿ. ಸಿರುಗುಪ್ಪದ ಕಡೆಯ ವಿದ್ಯಾರ್ಥಿಯೊಬ್ಬನು ತರಗತಿ ಮುಗಿದ ಮೇಲೆ ತನ್ನ ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿ, ಇದು ನಿಜವೇ ಎಂದು ಕೇಳಿದನು. ಬರ್ಮಾದಿಂದ ಬಂದ ರೋಹಿಂಗ್ಯಾ ಎಂಬ ಜನ ತಂಡತಂಡವಾಗಿ ನಮ್ಮ ಸೀಮೆಯನ್ನು ಹೊಕ್ಕಿದ್ದಾರೆ, ಭಿಕ್ಷುಕರಂತೆಯೂ ಕಂಬಳಿ ಮಾರುವವರಂತೆಯೂ ವೇಷ ತೊಟ್ಟಿದ್ದಾರೆ, ಮಕ್ಕಳನ್ನು ಹೊತ್ತೊಯ್ಯುತ್ತಾರೆ, ತಾಯಂದಿರು ಎಚ್ಚರದಿಂದಿರಬೇಕು, ಎಲ್ಲರಿಗೂ ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಊರಿನ ಹೆಸರಿರುವ ಕಡೆ ಸಿರುಗುಪ್ಪವೆಂದಿತ್ತು. ಅದೇ ಸ್ಥಳದಲ್ಲಿ ಕುರುಗೋಡೆಂದೋ ಬಳ್ಳಾರಿಯ ಯಾವುದಾದರೊಂದು ಬಡಾವಣೆಯೆಂದೋ ಬರೆದಿದ್ದರೂ ವಾಕ್ಯಕ್ಕೆ ಭಂಗವೇನೂ ಬರುತ್ತಿರಲಿಲ್ಲ. ಹಳೆಯ ಕಾಲದ ದಾನಶಾಸನಗಳಲ್ಲಿ ಶಾಪಾಶಯದ ಶ್ಲೋಕಗಳು ಮಾತ್ರ ಎಲ್ಲ ಊರಿಗೂ ಒಂದೇ ಆಗಿದ್ದು, ದಾನಿಯ ಹೆಸರೂ ಊರಿನ ಹೆಸರೂ ಬದಲಾಗುತ್ತವಲ್ಲ, ಅದೇ ಬಗೆಯ ಸಿದ್ಧಪಾಠವಿದು. ಹುಡುಗನಿಗೆ ನಾನು ಆಗ ಕೊಟ್ಟ ಉತ್ತರ ತೀರ ದುರ್ಬಲವಾಗಿತ್ತು. ‘ಸುಳ್ಳು, ಬಿಡು’ ಎಂದೆನು. ಸುಳ್ಳೆಂಬುದು ಹೇಗೆ ತಿಳಿಯಿತೆಂದು ಅವನು ಮರುಪ್ರಶ್ನೆ ಹಾಕಿದನು. ಅದಕ್ಕೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ.

ಮೊದಲು ಹೆಸರಿನ ವಿಚಾರ. ನಮ್ಮ ಇತಿಹಾಸಕಾರರೆಲ್ಲರಿಗೂ ಫ್ರಾನ್ಸಿಸ್ ಬುಕನನ್ ಪರಿಚಿತನು. ಟಿಪ್ಪುವಿನ ಪತನಾನಂತರ, 1800–01ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಿ, ಇಲ್ಲಿನ ಬೆಳೆ, ಜಾತಿ, ಕಸಬುಗಳನ್ನು ಬರೆದಿಟ್ಟವನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥವನ್ನು ಉದ್ಧರಿಸದ ಸಂಶೋಧನ ಪ್ರಬಂಧವೇ ವಿರಳ. ಇದಕ್ಕೆ ಮುಂಚೆ ಇದೇ ಬುಕನನ್ ಬರ್ಮಾ ದೇಶದಲ್ಲಿದ್ದನೆಂಬುದೂ, ಆ ಸೀಮೆಯ ಭಾಷೆಗಳ ಪದಪಟ್ಟಿಯೊಂದನ್ನು 1799ರಲ್ಲಿ ಪ್ರಕಟಿಸಿದನೆಂಬುದೂ ಅಷ್ಟಾಗಿ ಪ್ರಸಿದ್ಧವಲ್ಲ. ಅರಾಕಾನಿನಲ್ಲಿ ಬಹುಕಾಲದಿಂದ ನೆಲಸಿದ ಮುಸಲ್ಮಾನರು ತಮ್ಮನ್ನು ‘ರೂಯಿಂಗ’ ಎಂದು ಕರೆದುಕೊಳ್ಳುತ್ತಾರೆಂದು ಅದರಲ್ಲಿ ಅವನು ದಾಖಲಿಸಿದ್ದಾನೆ. ಈ ಹೆಸರು ಇತ್ತೀಚಿನ ರಾಜಕೀಯದ ಸೃಷ್ಟಿಯೆಂದು ಮ್ಯಾನ್ಮಾರಿನ ಅಧಿಕಾರಿಗಳು ವಾದಿಸುತ್ತ ಬಂದಿದ್ದಾರೆ. ಅವರ ಕಾಗದಪತ್ರಗಳಲ್ಲಿ ಈ ಜನಕ್ಕೆ ‘ಬಂಗಾಳಿ’ ಎಂಬ ಹೆಸರು. ಒಂದು ಹೆಸರಿನ ಪ್ರಾಚೀನತೆಯಿಂದ ಒಂದು ಜನದ ಹಕ್ಕುಬಾಧ್ಯತೆಗಳೆಲ್ಲ ತೀರ್ಮಾನವಾಗುವುದಿಲ್ಲ, ನಿಜ. ಆದರೆ ಮೈಸೂರಿನ ಹೊಲಗದ್ದೆಗಳ ವಿಷಯದಲ್ಲಿ ಬುಕನನ್ನನ ಮಾತನ್ನು ಪ್ರಮಾಣವೆಂದು ಹಿಡಿಯುವ ನಾವು, ಅರಾಕಾನಿನ ವಿಷಯದಲ್ಲಿ ಅವನ ಮಾತನ್ನು ಕೇಳಿಸಿಕೊಳ್ಳದಿರುವುದು ನ್ಯಾಯವಲ್ಲ. ಮತ್ತೊಂದು ಸಂಗತಿಯೂ ಸ್ಮರಣಾರ್ಹವಾಗಿದೆ. 1937ರ ಏಪ್ರಿಲ್ 1ರಂದು ಬರ್ಮಾ ಪ್ರತ್ಯೇಕವಾಗುವವರೆಗೆ, ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯೂ ಅರಾಕಾನ್ ವಿಭಾಗವೂ ಒಂದೇ ಬ್ರಿಟಿಷ್ ಇಂಡಿಯಾ ಸರ್ಕಾರಕ್ಕೆ ಒಳಪಟ್ಟಿದ್ದವು.

1982ರ ಪೌರತ್ವ ಕಾನೂನಿನಿಂದ ರೋಹಿಂಗ್ಯಾ ಜನ ತಮ್ಮ ನಾಡಿನಲ್ಲಿಯೇ ಪೌರತ್ವವಿಲ್ಲದವರಾದರು. 2012ರಲ್ಲಿ ಅಲ್ಲಿ ದೊಡ್ಡ ಗಲಭೆಗಳಾದವು. 2017ರ ಆಗಸ್ಟ್ 25ರಂದು ಬಂಡುಕೋರರು ಪೊಲೀಸ್ ಠಾಣ್ಯಗಳ ಮೇಲೆ ದಾಳಿಮಾಡಿದುದನ್ನು ಕಾರಣವಾಗಿ ಹಿಡಿದು ಸೈನ್ಯವು ಕೈಗೊಂಡ ಕಾರ್ಯಾಚರಣೆಯಿಂದ ಏಳು ಲಕ್ಷಕ್ಕೂ ಮಿಕ್ಕ ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ಭಾರತದಲ್ಲಿ ಅವರ ಸಂಖ್ಯೆ ಸುಮಾರು 40,000 ಎಂದು ಕೇಂದ್ರ ಸರ್ಕಾರವು 2017ರಲ್ಲಿ ಸಂಸತ್ತಿನಲ್ಲಿ ಹೇಳಿತು. ಕರ್ನಾಟಕದಲ್ಲಿ ಎಷ್ಟು? 2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಮೊದಲ ಪ್ರಮಾಣಪತ್ರದಲ್ಲಿ ಬೆಂಗಳೂರು ನಗರದಲ್ಲಿ ಗುರುತಿಸಲಾದವರು 72 ಮಂದಿ ಎಂದಿತ್ತು. ಬಳಿಕ ಸಲ್ಲಿಸಿದ ಪರಿಷ್ಕೃತ ಪ್ರಮಾಣಪತ್ರದಲ್ಲಿ ರಾಜ್ಯದಲ್ಲಿ ಗುರುತಿಸಲಾದವರು 126 ಮಂದಿ ಎಂದಾಯಿತು. ಗುರುತಿಸದೆ ಉಳಿದವರು ಇನ್ನಷ್ಟು ಮಂದಿ ಇದ್ದರೆಂದೇ ಇಟ್ಟುಕೊಂಡರೂ, 2011ರ ಜನಗಣತಿಯ ಪ್ರಕಾರ ಆರು ಕೋಟಿ ದಾಟಿದ ಈ ರಾಜ್ಯದಲ್ಲಿ ಆ ಸಂಖ್ಯೆಯ ಪ್ರಮಾಣವೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇವರನ್ನು ಹಿಂದಕ್ಕೆ ಕಳುಹಿಸಬೇಕೆ ಬೇಡವೆ ಎಂಬುದು ಬೇರೆಯ ಪ್ರಶ್ನೆ. ಜಮ್ಮುವಿನಲ್ಲಿ ಬಂಧನದಲ್ಲಿದ್ದವರ ವಿಷಯದಲ್ಲಿ, ನಿಯತ ಕ್ರಮವನ್ನು ಅನುಸರಿಸದೆ ಕಳುಹಿಸಕೂಡದೆಂದು ಮಾತ್ರ ವಿಧಿಸಿ, ಗಡೀಪಾರಿಗೆ ತಡೆಯಾಜ್ಞೆ ಕೊಡಲು ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್ 8ರಂದು ನಿರಾಕರಿಸಿತು. ಈ ಪ್ರಶ್ನೆಯಲ್ಲಿ ಎರಡು ಪಕ್ಷಗಳಿಗೂ ಆಸ್ಪದವುಂಟು. ಸಿರುಗುಪ್ಪದ ಬೀದಿಯಲ್ಲಿ ಕಂಬಳಿ ಮಾರುವವನು ಮಕ್ಕಳ ಕಳ್ಳನೆಂಬ ಮಾತಿಗೆ ಆ ಎರಡು ಪಕ್ಷಗಳಲ್ಲಿ ಯಾವುದರಿಂದಲೂ ಆಧಾರ ದೊರೆಯುವುದಿಲ್ಲ.

ಇನ್ನು ಸಂದೇಶಗಳ ಪಾಠವನ್ನು ಪರಿಶೀಲಿಸೋಣ. 2018ರ ಬೇಸಗೆಯಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ನಾನಾ ಭಾಗಗಳಲ್ಲಿ ಹಬ್ಬಿದ ಮಕ್ಕಳ ಕಳ್ಳರ ವದಂತಿಯಲ್ಲಿ ಒಂದು ಚಲಚ್ಚಿತ್ರದ ತುಣುಕು ಮುಖ್ಯವಾಗಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೊರಟುಹೋಗುತ್ತಾರೆ. ಅಲ್ಲಿಗೆ ತುಣುಕು ಮುಗಿಯುತ್ತದೆ. ಇದರ ಮೂಲಪಾಠವು ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶ್ನಿ ಎಂಬ ಸಂಸ್ಥೆಗಾಗಿ 2016ರಲ್ಲಿ ತಯಾರಾದ ಪ್ರಚಾರಚಿತ್ರ. ಮೂಲದಲ್ಲಿ ಆ ಸವಾರರು ಹಿಂದಿರುಗಿ ಬಂದು ಮಗುವನ್ನು ಇಳಿಸುತ್ತಾರೆ. ಒಂದು ಮಗುವನ್ನು ಅಪಹರಿಸಲು ಕ್ಷಣಮಾತ್ರ ಸಾಕೆಂಬ ಎಚ್ಚರಿಕೆಯ ಫಲಕವನ್ನು ಎತ್ತಿ ತೋರಿಸುತ್ತಾರೆ. ನಮ್ಮ ಊರುಗಳಿಗೆ ಬಂದ ಪ್ರತಿಯಲ್ಲಿ ಈ ಕಡೆಯ ಭಾಗವಿಲ್ಲ. ಗ್ರಂಥಸಂಪಾದಕನ ಭಾಷೆಯಲ್ಲಿ ಹೇಳುವುದಾದರೆ ಇದು ಕೊನೆಯ ಗರಿ ಕಳೆದ ಪ್ರತಿ. ಓಲೆಯ ಪ್ರತಿಯಲ್ಲಿ ಕೊನೆಯ ಗರಿ ಹೋಗುವುದು ಸಾಮಾನ್ಯವಾಗಿ ಹುಳುವಿನಿಂದಲೋ ಬೆಂಕಿಯಿಂದಲೋ, ಇಲ್ಲಿ ಹಾಗಲ್ಲ. ಯಾರೋ ಒಬ್ಬನು ಅದನ್ನು ಕೈಯಾರ ಕತ್ತರಿಸಿದ್ದಾನೆ. ಕತ್ತರಿಸಿದ ಕೂಡಲೆ ಮಕ್ಕಳನ್ನು ಕಾಪಾಡಬೇಕೆಂಬ ಕೃತಿ ಮನುಷ್ಯರನ್ನು ಕೊಲ್ಲುವ ಕೃತಿಯಾಯಿತು. ಮೂಲದ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ಇದಕ್ಕಿಂತ ಭಯಂಕರವಾದ ಪಾಠಭೇದವನ್ನು ನಾನು ಕಂಡಿಲ್ಲ.

ಇದರೊಡನೆ ಸುತ್ತಿದ ಚಿತ್ರಗಳಲ್ಲಿ ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಚಿತ್ರವೂ ಒಂದು. ಅದು 2013ರಲ್ಲಿ ಸಿರಿಯಾ ದೇಶದ ಘೌಟಾದಲ್ಲಿ ವಿಷಾನಿಲದಿಂದ ಸತ್ತ ಮಕ್ಕಳ ಚಿತ್ರ. ಅಲ್ಲಿಯದನ್ನು ತಂದು ಇಲ್ಲಿ ಸೇರಿಸಿದುದರಿಂದ ಇದು ಪ್ರಕ್ಷೇಪ. ಪ್ರಕ್ಷೇಪವನ್ನು ಗುರುತಿಸಲು ನಮ್ಮ ಶಾಸ್ತ್ರದಲ್ಲಿ ಹೇಳಿರುವ ಲಕ್ಷಣಗಳು, ಎಂದರೆ ಪೂರ್ವಾಪರ ಸಂಬಂಧವಿಲ್ಲದಿರುವುದು, ಶೈಲಿಯ ವ್ಯತ್ಯಾಸ, ದೇಶಕಾಲಗಳ ಅಸಂಗತಿ, ಇವೆಲ್ಲವೂ ಇಲ್ಲಿ ಇದ್ದವು. ಮಕ್ಕಳ ಉಡುಪು ಬೇರೆ, ನೆಲ ಬೇರೆ, ಹೊದಿಸಿದ ಬಟ್ಟೆ ಬೇರೆ. ನೋಡಿದವರಲ್ಲಿ ಎಷ್ಟೋ ಜನ ಪದವೀಧರರು. ಅಳುವಾಗ ಯಾರು ಬಟ್ಟೆಯನ್ನು ನೋಡುತ್ತಾರೆ ಎಂದು ಕೇಳಬಹುದು. ಆ ಪ್ರಶ್ನೆಯಲ್ಲಿಯೇ ವದಂತಿಯ ಬಲವಿದೆ.

ಕಳ್ಳರ ಗುರುತು ಮಾತ್ರ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತಿದ್ದಿತು. ಒಂದೆಡೆ ಉತ್ತರದಿಂದ ಬಂದವರು, ಒಂದೆಡೆ ಪಾರ್ಧಿಗಳು, ಒಂದೆಡೆ ರೋಹಿಂಗ್ಯಾ. ಬಂದ ಕಳ್ಳರ ಸಂಖ್ಯೆಯೂ ಅಷ್ಟೆ. ಇಲ್ಲಿ ಪಾಠವಿಮರ್ಶಕನಿಗೆ ಒಂದು ಸೂಕ್ಷ್ಮ ಕಾಣುತ್ತದೆ. ಎಲ್ಲ ಪ್ರತಿಗಳಲ್ಲಿಯೂ ಸಮಾನವಾಗಿರುವ ಭಾಗವೇ ಮೂಲ, ಭಿನ್ನವಾಗಿರುವ ಭಾಗವು ಲಿಪಿಕಾರರದು ಎಂಬುದು ಒಂದು ಸ್ಥೂಲ ನಿಯಮವಷ್ಟೆ. ಅದನ್ನು ಅನ್ವಯಿಸಿದರೆ ಸಮಾನವಾಗಿ ಉಳಿಯುವುದು ಮೂರೇ ಅಂಶಗಳು: ಹೊರಗಿನಿಂದ ಬಂದವನು, ನಮ್ಮ ಮಗು, ಎಲ್ಲರಿಗೂ ತಿಳಿಸು. ರೋಹಿಂಗ್ಯಾ ಎಂಬ ಪದವು ಪಾಠಾಂತರ ಮಾತ್ರ. ಬಹು ಜನ ಈ ಪದದ ಮೇಲೆ ಚರ್ಚೆ ನಡೆಸಿದ್ದಾರೆ. ಚರ್ಚೆಯಾಗಬೇಕಾದುದು ಆ ಪದ ಕುಳಿತಿರುವ ಪೀಠದ ಮೇಲೆ.

ವದಂತಿಯ ಶಾಸ್ತ್ರೀಯ ಅಧ್ಯಯನ ಹೊಸದೇನೂ ಅಲ್ಲ. ಫ್ರೆಂಚ್ ಇತಿಹಾಸಕಾರನಾದ ಮಾರ್ಕ್ ಬ್ಲಾಕ್, ತಾನೇ ಸೈನಿಕನಾಗಿ ಮೊದಲನೆಯ ಮಹಾಯುದ್ಧವನ್ನು ಕಂಡು ಬಂದು, ಯುದ್ಧಕಾಲದ ಸುಳ್ಳುಸುದ್ದಿಗಳನ್ನು ಕುರಿತು 1921ರಲ್ಲಿ ಒಂದು ಪ್ರಬಂಧ ಬರೆದನು. ಅದರಲ್ಲಿ ಬರುವ ಒಂದು ಉದಾಹರಣೆ ನಮ್ಮ ವಿದ್ಯಾರ್ಥಿಗಳಿಗೆ ಉಪಯುಕ್ತವಾದುದು. ಸೆರೆಸಿಕ್ಕ ಜರ್ಮನ್ ಸೈನಿಕನೊಬ್ಬನು ಬ್ರೆಮೆನ್ ನಗರದವನು. ಫ್ರೆಂಚರ ಬಾಯಲ್ಲಿ ಆ ಊರು ‘ಬ್ರೆಮ್’. ಯುದ್ಧರಂಗದ ಬೆನ್ನಿಗೇ ‘ಬ್ರೆನ್’ ಎಂಬ ಫ್ರೆಂಚ್ ಊರೊಂದಿದ್ದಿತು. ಸ್ವಲ್ಪ ಹೊತ್ತಿನಲ್ಲಿಯೇ, ಈ ಸೈನಿಕನು ಯುದ್ಧಕ್ಕೆ ಮುಂಚೆ ಬ್ರೆನ್ ಊರಿನಲ್ಲಿ ವ್ಯಾಪಾರಿಯ ಸೋಗಿನಲ್ಲಿದ್ದ ಗೂಢಚಾರನೆಂಬ ಸುದ್ದಿ ಹುಟ್ಟಿತು. ಕಿವಿಯ ದೋಷವೊಂದು ಸಾಕಾಯಿತೆಂದು ಮೇಲುನೋಟಕ್ಕೆ ತೋರಬಹುದು. ಬ್ಲಾಕನ ಅಭಿಪ್ರಾಯ ಹಾಗಲ್ಲ: ನಮ್ಮ ನಡುವೆಯೇ ಗೂಢಚಾರರು ಬಹುಕಾಲದಿಂದ ವೇಷ ಮರೆಸಿಕೊಂಡಿದ್ದರೆಂಬ ನಂಬಿಕೆ ಮೊದಲೇ ಸಿದ್ಧವಾಗಿದ್ದಿತು, ಕಿವಿಯು ತನಗೆ ಬೇಕಾದುದನ್ನು ಕೇಳಿಸಿಕೊಂಡಿತು. ಅಮೆರಿಕದ ಆಲ್ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1947ರ ತಮ್ಮ ಗ್ರಂಥದಲ್ಲಿ ಇದನ್ನೇ ಪ್ರಯೋಗದಿಂದ ತೋರಿಸಿದರು. ಚಿತ್ರವೊಂದರಲ್ಲಿ ಕ್ಷೌರದ ಕತ್ತಿಯನ್ನು ಹಿಡಿದಿರುವವನು ಬಿಳಿಯ. ಅವನ ಎದುರಿಗೆ ನಿಂತವನು ಕರಿಯ. ಒಬ್ಬರಿಂದೊಬ್ಬರಿಗೆ ವರ್ಣನೆಯು ಸಾಗಿದಂತೆ, ಅರ್ಧಕ್ಕೂ ಹೆಚ್ಚು ಪ್ರಯೋಗಗಳಲ್ಲಿ, ಎಲ್ಲಿಯೋ ಒಂದು ಕಡೆ ಕತ್ತಿಯು ಕರಿಯನ ಕೈಗೆ ಬಂದಿತು.

ಕತ್ತಿಯು ಕೈಯಿಂದ ಕೈಗೆ ದಾಟುವ ಈ ಬಗೆಯನ್ನು ಬೆಂಗಳೂರು ಒಮ್ಮೆ ಪ್ರತ್ಯಕ್ಷವಾಗಿ ಕಂಡಿತು. ಅಲ್ಲಿ ರೋಹಿಂಗ್ಯಾರ ಹೆಸರು ಬಂದ ಬಗೆ ಬೇರೆ. 2012ರ ಜೂನಿನಲ್ಲಿ ಅರಾಕಾನಿನ ಗಲಭೆ, ಜುಲೈಯಲ್ಲಿ ಅಸ್ಸಾಮಿನ ಕೊಕ್ರಾಝಾರಿನ ಗಲಭೆ, ಆಗಸ್ಟ್ 11ರಂದು ಮುಂಬಯಿಯ ಆಜಾದ್ ಮೈದಾನದಲ್ಲಿ ಪ್ರತಿಭಟನೆ ಮತ್ತು ಹಿಂಸೆ. ಅದೇ ವಾರದಲ್ಲಿ, ರಂಜಾನ್ ಮುಗಿಯುವಷ್ಟರಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ಪ್ರತೀಕಾರ ನಡೆಯುವುದೆಂಬ ಸಂದೇಶಗಳು ಬೆಂಗಳೂರಿನಲ್ಲಿ ಹಬ್ಬಿದವು. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಕೆಲಸಗಾರರೂ ವಿದ್ಯಾರ್ಥಿಗಳೂ ನಗರವನ್ನು ಬಿಟ್ಟು ಹೊರಟರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಗಟು ಸಂದೇಶಗಳನ್ನು ಒಂದು ಸಲಕ್ಕೆ ಐದಕ್ಕೆ ಮಿತಿಗೊಳಿಸುವ ಆಜ್ಞೆಯನ್ನು ಕೇಂದ್ರ ಸರ್ಕಾರವು ಆಗಸ್ಟ್ 17ರಂದು ಹೊರಡಿಸಿತು. ಆ ದಿನಗಳಲ್ಲಿ ರೋಹಿಂಗ್ಯಾ ಮುಸಲ್ಮಾನರ ಹತ್ಯೆಯ ದೃಶ್ಯವೆಂದು ಹಂಚಲಾದ ಚಿತ್ರಗಳಲ್ಲೊಂದು, ಕೆಂಪು ಕಾಷಾಯದ ಬೌದ್ಧ ಭಿಕ್ಷುಗಳು ಶವಗಳ ರಾಶಿಯ ಮುಂದೆ ನಿಂತಿರುವುದು. ಅದು 2010ರಲ್ಲಿ ಟಿಬೆಟ್ ಪೀಠಭೂಮಿಯ ಯುಶು ಎಂಬಲ್ಲಿ ಭೂಕಂಪವಾದಾಗ ತೆಗೆದ ಚಿತ್ರ. ಆ ಭಿಕ್ಷುಗಳು ಸತ್ತವರಿಗೆ ಅಂತ್ಯಸಂಸ್ಕಾರ ಮಾಡಲು ನಿಂತವರು. ಬೈಲುಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ಟಿಬೆಟಿನ ನಿರಾಶ್ರಿತರು ದಶಕಗಳಿಂದ ನೆಲಸಿರುವ ರಾಜ್ಯ ನಮ್ಮದು. ಆ ಉಡುಪು ಯಾರದೆಂದು ಹೇಳಬಲ್ಲವರು ಇಲ್ಲಿ ಸಾವಿರಾರು ಜನರಿದ್ದರು. ಅದೇ ಆಗಸ್ಟಿನಲ್ಲಿ ಮೈಸೂರಿನಲ್ಲಿ ಟಿಬೆಟಿನ ವಿದ್ಯಾರ್ಥಿಯೊಬ್ಬನಿಗೆ ಚೂರಿಯಿಂದ ಇರಿಯಲಾಯಿತು. ಅಸ್ಸಾಮಿನವನಿಗೂ ಟಿಬೆಟಿನವನಿಗೂ ಬರ್ಮಾದವನಿಗೂ ಭೇದವೆಣಿಸದ ದೃಷ್ಟಿಯೊಂದು ಆ ವಾರ ನಮ್ಮ ನಗರಗಳಲ್ಲಿ ಸಂಚರಿಸುತ್ತಿದ್ದಿತು. ಒಂದು ವರ್ಗದ ನಿರಾಶ್ರಿತರ ಪರವಾಗಿ ಹಬ್ಬಿದ ಸುಳ್ಳು ಇನ್ನೊಂದು ವರ್ಗದವರನ್ನು ಓಡಿಸಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸುಳ್ಳಿಗೆ ಒಂದೇ ಪಕ್ಷವೆಂದು ತಿಳಿದವರಿಗೆ ಈ ಉದಾಹರಣೆ ತೊಡಕನ್ನುಂಟುಮಾಡುತ್ತದೆ.

2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಇಪ್ಪತ್ತಾರು ವರ್ಷದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಹಗ್ಗದಿಂದ ಕಟ್ಟಿ, ಎಳೆದು, ಹೊಡೆದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬನ ಹತ್ಯೆಯಾಯಿತು. ಈ ಎರಡನೆಯದರಲ್ಲಿ ಪಾಠದ ಸಂಚಾರವನ್ನು ಹೆಜ್ಜೆಹೆಜ್ಜೆಯಾಗಿ ಕಾಣಬಹುದಾಗಿದೆ. ಸ್ನೇಹಿತರೊಡನೆ ವಿಹಾರಕ್ಕೆಂದು ಬಂದವರು ಹಂದಿಕೇರಾ ಎಂಬ ಹಳ್ಳಿಯ ಬಳಿ ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದರು. ಅವರ ಜೊತೆ ಕತಾರ್ ದೇಶದವನೊಬ್ಬನಿದ್ದನು, ಚಾಕಲೇಟು ಪರದೇಶದ್ದು. ಅಲ್ಲಿಯ ಜನ ಸಂಶಯಪಟ್ಟು ತಡೆದರು; ಇವರು ಕಾರಿನಲ್ಲಿ ಹೊರಟುಬಿಟ್ಟರು; ಅವರ ಚಿತ್ರವು ವಾಟ್ಸಾಪ್ ಮೂಲಕ ಮುಂದಿನ ಊರಾದ ಮುರ್ಕಿಗೆ ಕಾರಿಗಿಂತ ಮುಂಚೆ ತಲಪಿತು. ಅಲ್ಲಿ ದಾರಿಗೆ ಅಡ್ಡಲಾಗಿ ಮರ ಹಾಕಿದ್ದರು. ಬಂಧಿತರಾದ ಮೂವತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಂದು ವಾಟ್ಸಾಪ್ ಗುಂಪಿನ ನಿರ್ವಾಹಕನೂ ಇದ್ದನು. ಮಗುವಿನ ಕೈಗೆ ಮಿಠಾಯಿ ಕೊಡುವುದು ನಮ್ಮ ಸೀಮೆಯಲ್ಲಿ ಅತಿಥಿಯ ಲಕ್ಷಣ. ಅದೇ ಕ್ರಿಯೆಯು, ಮೊದಲೇ ಓದಿಕೊಂಡಿದ್ದ ಸಂದೇಶದ ದೆಸೆಯಿಂದ, ಕಳ್ಳನ ಲಕ್ಷಣವಾಗಿ ಓದಲ್ಪಟ್ಟಿತು. ಸತ್ತ ಇಬ್ಬರಲ್ಲಿ ಒಬ್ಬನೂ ರೋಹಿಂಗ್ಯಾ ಅಲ್ಲ, ಒಬ್ಬನೂ ಕಳ್ಳನಲ್ಲ; ಇಬ್ಬರೂ ಭಾರತೀಯರು.

ಈ ಕೃತ್ಯಗಳಿಗೆ ಅಜ್ಞಾನವೂ ಅನಕ್ಷರತೆಯೂ ಕಾರಣವೆಂದು ನಮ್ಮ ವೃತ್ತಪತ್ರಿಕೆಗಳಲ್ಲಿ ಅನೇಕರು ಬರೆದರು. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆನು. ಸಂದೇಶವನ್ನು ಓದಲು ಅಕ್ಷರ ಬೇಕು. ಮುಂದಕ್ಕೆ ಕಳುಹಿಸಲು ಸ್ವಲ್ಪ ನಯವೂ ಬೇಕು. ಇದು ಅಕ್ಷರಸ್ಥರ ಸಾಹಿತ್ಯಪ್ರಕಾರ. ಅದರ ಕನ್ನಡವನ್ನು ನೋಡಿದರೂ ಇದು ವಿದಿತವಾಗುತ್ತದೆ: ಸರ್ಕಾರಿ ಪ್ರಕಟಣೆಯ ‘ಸಾರ್ವಜನಿಕರ ಗಮನಕ್ಕೆ’ ಎಂಬ ಶೈಲಿ, ಪೊಲೀಸ್ ಇಲಾಖೆಯ ಹೆಸರಿನ ಆಭಾಸ, ಕೊನೆಗೆ ತಾಯಂದಿರನ್ನು ಉದ್ದೇಶಿಸಿದ ಭಾವುಕವಾದ ವಿಜ್ಞಾಪನೆ. ಹಳ್ಳಿಯ ಅನಕ್ಷರಸ್ಥ ಮುದುಕಿಯ ಗಾಳಿಸುದ್ದಿಗೆ ಒಂದು ಹದವಿದ್ದಿತು. ‘ಅಂತೆ’ ಎಂಬ ಪ್ರತ್ಯಯವಿಲ್ಲದೆ ಅವಳು ಅದನ್ನು ನುಡಿಯುತ್ತಿರಲಿಲ್ಲ. ಬಂದನಂತೆ, ಹೋದನಂತೆ, ಒಯ್ದನಂತೆ. ಕೇಳಿದ್ದನ್ನು ಹೇಳುತ್ತಿದ್ದೇನೆ, ಕಂಡದ್ದನ್ನಲ್ಲ, ಎಂಬ ಪ್ರಾಮಾಣ್ಯವಿಚಾರವನ್ನು ಕನ್ನಡ ವ್ಯಾಕರಣವು ಎರಡಕ್ಷರದಲ್ಲಿ ಅಡಗಿಸಿಟ್ಟಿದೆ. ನಾನು ನೋಡಿದ ಸಂದೇಶಗಳಲ್ಲಿ ಈ ‘ಅಂತೆ’ ಒಂದು ಕಡೆಯೂ ಇಲ್ಲ. ಎಲ್ಲ ಕ್ರಿಯಾಪದಗಳೂ ನಿಶ್ಚಯಾರ್ಥಕ: ಬಂದಿದ್ದಾರೆ, ಒಯ್ಯುತ್ತಾರೆ. ಬಾಯಿಂದ ಬರಹಕ್ಕೆ ಇಳಿಯುವಾಗ ‘ಅಂತೆ’ ಬಿದ್ದುಹೋದುದು ನನ್ನ ದೃಷ್ಟಿಯಲ್ಲಿ ಕರಾಚಿಯ ಚಿತ್ರದ ಕೊನೆಯ ಭಾಗ ಬಿದ್ದುಹೋದುದಕ್ಕೆ ಸಮಾನವಾದ ಲೋಪ. ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಹೆಚ್ಚಿನ ಸಾಮಗ್ರಿಯ ಆಧಾರದಿಂದ ಪರೀಕ್ಷಿಸಿ ನೋಡಬೇಕು. ನನ್ನ ಸಾಮಗ್ರಿ ಸ್ವಲ್ಪವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಭಾಷೆಯ ಮಾತು ಬಂದುದರಿಂದ ಮ್ಯಾನ್ಮಾರಿನ ಒಂದು ಪ್ರಸಂಗವನ್ನು ಇಲ್ಲಿಯೇ ಹೇಳಬಹುದು. ರೋಹಿಂಗ್ಯಾರ ವಿರುದ್ಧ ದ್ವೇಷವನ್ನು ಹರಡುವುದರಲ್ಲಿ ಸಾಮಾಜಿಕ ಮಾಧ್ಯಮಗಳು ನಿರ್ಣಾಯಕವಾದ ಪಾತ್ರ ವಹಿಸಿದವೆಂದು ವಿಶ್ವಸಂಸ್ಥೆಯ ಸತ್ಯಶೋಧನ ಮಂಡಲಿಯ ಅಧ್ಯಕ್ಷರಾದ ಮಾರ್ಜುಕಿ ದಾರುಸ್ಮಾನರು 2018ರ ಮಾರ್ಚಿಯಲ್ಲಿ ಹೇಳಿದರು. ತಾನು ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂದು ಫೇಸ್‌ಬುಕ್ ಸಂಸ್ಥೆಯು ಅದೇ ವರ್ಷದ ನವೆಂಬರಿನಲ್ಲಿ ಒಪ್ಪಿಕೊಂಡಿತು. ಬರ್ಮಿ ಭಾಷೆಯಲ್ಲಿ ‘ಕಲಾ’ ಎಂಬುದು ಭಾರತ ಮೂಲದವರನ್ನೂ ಮುಸಲ್ಮಾನರನ್ನೂ ಹೀನಾಯವಾಗಿ ಕರೆಯುವ ಪದ. ಆ ಪದವಿರುವ ಬರಹಗಳನ್ನು 2017ರಲ್ಲಿ ಯಂತ್ರವು ಅಳಿಸತೊಡಗಿದಾಗ, ‘ಕಲಾ ಪೆ’ ಎಂಬ ಕಡಲೆಯ ವಿಚಾರ ಬರೆದವರ ಬರಹಗಳೂ ಅಳಿಸಿಹೋದವು. ಇದಕ್ಕೆ ವಿಪರೀತವಾಗಿ, ಕೊಲ್ಲಿರೆಂದು ಕರೆಕೊಟ್ಟ ಬರ್ಮಿ ವಾಕ್ಯವೊಂದನ್ನು ಯಂತ್ರಾನುವಾದವು ಕಾಮನಬಿಲ್ಲಿನ ಮಾತಾಗಿ ತಿರುಗಿಸಿತೆಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಅಲ್ಲಿ ಬಹುಜನ ಬಳಸುತ್ತಿದ್ದ ಜಾಜಿ ಎಂಬ ಅಕ್ಷರಜೋಡಣೆ ಯೂನಿಕೋಡಿಗೆ ಹೊಂದದಿದ್ದುದು ತೊಡಕನ್ನು ಹೆಚ್ಚಿಸಿತು. ಹಳೆಯ ಕನ್ನಡ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಇಂದು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುವುದನ್ನು ಅನುಭವಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಬಳ್ಳಾರಿಯ ಸೀಮೆಗೆ ಬರೋಣ. ‘ಹೊರಗಿನವನು’ ಎಂಬ ಪದವನ್ನು ಇಲ್ಲಿ ಬಳಸುವಾಗ ಎಷ್ಟು ಎಚ್ಚರವಿದ್ದರೂ ಸಾಲದು. 1876–78ರ ಮಹಾಕ್ಷಾಮದಲ್ಲಿ ಮದರಾಸು ಆಧಿಪತ್ಯದಲ್ಲೆಲ್ಲ ಅತ್ಯಂತ ಹೆಚ್ಚು ನಷ್ಟಕ್ಕೊಳಗಾದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಇಲ್ಲಿನ ಜನ ಗುಂಪುಗುಂಪಾಗಿ ಅನ್ನವನ್ನರಸಿ ಪರಸ್ಥಳಗಳಲ್ಲಿ ‘ಹೊರಗಿನವ’ರಾಗಿ ನಿಂತರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ನಿನ್ನೆಯವರೆಗೆ ಒಂದೇ ಜಿಲ್ಲೆಯವರಾಗಿದ್ದವರು ಒಂದು ರಾತ್ರಿಯಲ್ಲಿ ಪರರಾಜ್ಯದವರಾದರು. ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದಾಗ ಕರಾವಳಿ ಆಂಧ್ರದ ರೈತರು ಬಂದು ನೆಲಸಿದರು. ಸಿರುಗುಪ್ಪ, ಕುರುಗೋಡುಗಳ ಸುತ್ತಲಿನ ಊರುಗಳ ಹೆಸರಿನ ಕೊನೆಗೆ ಇಂದಿಗೂ ಉಳಿದಿರುವ ‘ಕ್ಯಾಂಪು’ ಎಂಬ ಪದವು ಈ ವಲಸೆಯ ಶಾಸನವೆಂದೇ ಹೇಳಬಹುದು. ಸಿರುಗುಪ್ಪದಿಂದ ಹೊಳೆಯನ್ನು ದಾಟಿ ದಢೇಸೂಗೂರಿನ ಮೇಲೆ ಹೋದರೆ ಸಿಂಧನೂರು; ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಅದರ ಸುತ್ತಣ ಪುನರ್ವಸತಿ ಕ್ಯಾಂಪುಗಳಲ್ಲಿ ಅರ್ಧ ಶತಮಾನದಿಂದ ಬತ್ತ ಬೆಳೆಯುತ್ತಿದ್ದಾರೆ. ಅವರ ಮಕ್ಕಳು ಶಾಲೆಯಲ್ಲಿ ಕನ್ನಡ ಓದುತ್ತಾರೆ, ಮನೆಯಲ್ಲಿ ಬಂಗಾಳಿ ಆಡುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬಿಹಾರ, ಒಡಿಶಾ, ಬಂಗಾಳಗಳ ಕೂಲಿಗಳಿದ್ದಾರೆ.

ಇಂಥ ಸೀಮೆಯಲ್ಲಿ ‘ಬಂಗಾಳಿಯಂತೆ ಮಾತನಾಡುವವರು ಕಂಡರೆ ಎಚ್ಚರ’ ಎಂಬ ಅರ್ಥದ ವಾಕ್ಯವೊಂದು ಸಿಂಧನೂರಿಗೆ ಹೋಗುವ ಬಸ್ಸನ್ನು ಹತ್ತಿದರೆ ಅದರ ಮೊದಲ ಗುರಿ ಯಾರಾಗುತ್ತಾರೆ? ರೋಹಿಂಗ್ಯಾ ಖಂಡಿತ ಅಲ್ಲ. ಪಕ್ಕದ ಆಸನದಲ್ಲಿ ಬತ್ತದ ಬೀಜದ ಚೀಲ ಹಿಡಿದು ಕುಳಿತಿರುವ ಕ್ಯಾಂಪಿನವನು. ಅವನ ಅಜ್ಜ ತನ್ನ ನಾಡನ್ನು ಬಿಟ್ಟು ಓಡಿಬಂದ ಕಾರಣವನ್ನೂ ಈ ಸಂದೇಶದ ಕರ್ತೃ ಬಲ್ಲವನಲ್ಲ. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಅಂಗಡಿಕಾರನು ನಾಲ್ಕನೆಯ ಭಾಷೆಯನ್ನು ಕೇಳಿದಾಗ ಬೆಚ್ಚಬೇಕಾದ ಕಾರಣವಿಲ್ಲ. ಆದರೂ ಬೆಚ್ಚುತ್ತಾನೆ. ಸಂದೇಶವನ್ನು ಕಳುಹಿಸಿದವನು ಅಪರಿಚಿತನಲ್ಲ, ಅವನ ಭಾವಮೈದುನ ಎಂಬುದೇ ಇದರ ರಹಸ್ಯ. ಪಾಠದ ಕರ್ತೃ ಅಜ್ಞಾತನಾದರೂ ಲಿಪಿಕಾರನು ಆಪ್ತನು; ಓದುವವನು ಕರ್ತೃವನ್ನು ನಂಬುವುದಿಲ್ಲ, ಲಿಪಿಕಾರನನ್ನು ನಂಬುತ್ತಾನೆ. ಓಲೆಯ ಕಾಲದಲ್ಲಿಯೂ ಹೀಗೆಯೇ ಆಗುತ್ತಿದ್ದಿತೋ ಏನೋ. ಮಠದಲ್ಲಿ ಪ್ರತಿಮಾಡಿದ ಗ್ರಂಥಕ್ಕೆ ಮಠದ ಗೌರವವೇ ಪ್ರಾಮಾಣ್ಯವಾಗುತ್ತಿದ್ದಿರಬೇಕು.

ಇದಕ್ಕೆ ನಡೆದಿರುವ ಪ್ರತಿವಿಧಾನಗಳನ್ನು ಸಂಕ್ಷೇಪವಾಗಿ ನೋಡಬಹುದು. 2018ರ ಜುಲೈಯಲ್ಲಿ ವಾಟ್ಸಾಪ್ ಸಂಸ್ಥೆಯು ಮುಂದೂಡಿದ ಸಂದೇಶಗಳ ಮೇಲೆ ಗುರುತು ಹಾಕತೊಡಗಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿ ಹಾಕಿತು. ಮುರ್ಕಿಯ ಘಟನೆಯಾದ ನಾಲ್ಕನೆಯ ದಿನ, ಜುಲೈ 17ರಂದು, ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಗಳನ್ನು ತಡೆಯಲು ಪ್ರತಿ ಜಿಲ್ಲೆಗೂ ಹೊಣೆಗಾರ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ಆದೇಶವಿತ್ತಿತು. ಇವು ಅವಶ್ಯವಾದ ಕ್ರಮಗಳೇ. ಆದರೆ ಅಧಿಕಾರಿಗಳು ಹೊರಡಿಸುವ ನಿರಾಕರಣೆಯ ಪ್ರಕಟಣೆಗಳನ್ನು ಸಾಹಿತ್ಯದೃಷ್ಟಿಯಿಂದ ನೋಡಿದರೆ ಅವು ಅತ್ಯಂತ ನೀರಸವಾದ ರಚನೆಗಳೆಂದು ಹೇಳದೆ ವಿಧಿಯಿಲ್ಲ. ಸುಳ್ಳಿನಲ್ಲಿ ಮಗುವಿದೆ, ತಾಯಿಯಿದ್ದಾಳೆ, ಬೀದಿಯಿದೆ, ಮೋಟಾರ್ ಸೈಕಲ್ಲಿದೆ. ನಿರಾಕರಣೆಯಲ್ಲಿ ‘ವದಂತಿಗಳಿಗೆ ಕಿವಿಗೊಡಬಾರದೆಂದು ಕೋರಲಾಗಿದೆ’ ಎಂಬ ಕರ್ಮಣಿ ಪ್ರಯೋಗವೊಂದೇ. ನನ್ನ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರವೂ ಈ ಜಾತಿಗೇ ಸೇರಿದ್ದು. ಕರಾಚಿಯ ಚಿತ್ರದ ಪೂರ್ಣಪಾಠವನ್ನು, ಸವಾರನು ಮಗುವನ್ನು ಇಳಿಸಿ ಫಲಕ ತೋರಿಸುವವರೆಗೆ, ಅವನಿಗೆ ತೋರಿಸಿದ್ದರೆ ನನ್ನ ಒಂದು ಮಾತೂ ಬೇಕಾಗುತ್ತಿರಲಿಲ್ಲ.

ಮುಂದಿನ ವಾರ ಅದನ್ನೇ ಮಾಡಿದೆವು. ಮೊದಲು ಕತ್ತರಿಸಿದ ಪ್ರತಿ, ಬಳಿಕ ಪೂರ್ಣಪ್ರತಿ. ಯಾರೂ ಹೆಚ್ಚು ಮಾತನಾಡಲಿಲ್ಲ. ಆಮೇಲೆ ಸಿರುಗುಪ್ಪದ ಹುಡುಗನು ತಂದಿದ್ದ ಸಂದೇಶವನ್ನು, ಹಸ್ತಪ್ರತಿಗಳನ್ನು ಪಟ್ಟಿಮಾಡುವ ಕ್ರಮದಲ್ಲಿಯೇ, ಒಂದು ಕಾಗದದ ಮೇಲೆ ವರ್ಣಿಸಿದೆವು: ದೊರೆತ ಸ್ಥಳ, ದೊರೆತ ಕಾಲ, ಭಾಷೆ, ಸ್ಥಿತಿ, ಆದಿ, ಅಂತ್ಯ. ಕರ್ತೃ ಎಂಬ ಕಡೆ ಏನನ್ನೂ ಬರೆಯಲಾಗಲಿಲ್ಲ. ಲಿಪಿಕಾರ ಎಂಬಲ್ಲಿಗೆ ಬಂದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಹೆಸರನ್ನೇ ಬರೆದನು. ನನಗೆ ತೋರಿಸುವುದಕ್ಕೆ ಮುಂಚೆ ಅದನ್ನು ತನ್ನ ಅಕ್ಕನಿಗೂ ಕುರುಗೋಡಿನ ಒಬ್ಬ ಗೆಳೆಯನಿಗೂ ಕಳುಹಿಸಿದ್ದೆನೆಂದು ಹೇಳಿದನು.